ಸಾಕಷ್ಟು ಆದಾಯದ ದೊರೆ

ಬೀದಿಗೆಲ್ಲ ಅವನು ‘ದೊರೆ’. ರಾಜ್ಯವೆಂದರೆ ಒಂದು ಮಳಿಗೆ, ಪ್ರಜೆಗಳೆಂದರೆ ಅಲ್ಲಿ ತೂಗುವ ಬಾಡಿಗೆ ಕೋಟುಗಳು. ಮದುವೆಗೋ ಸಂದರ್ಶನಕ್ಕೋ ಒಂದು ದಿನದ ಮಟ್ಟಿಗೆ ದೊಡ್ಡ ಮನುಷ್ಯರಾಗಬೇಕಾದವರು ಅವನಲ್ಲಿಗೆ ಬರುತ್ತಿದ್ದರು. ಎಂಥ ಸೆಕೆಯಲ್ಲೂ ಅವನ ಮೈಮೇಲಿಂದ ಕೋಟು ಇಳಿದದ್ದನ್ನು ಯಾರೂ ಕಂಡಿರಲಿಲ್ಲ. ವ್ಯಾಪಾರ ಹೇಗಿದೆ ಎಂದು ಯಾರೇ ಕೇಳಲಿ, ಉತ್ತರ ಒಂದೇ: “ಸಾಕಷ್ಟಿದೆ.”

ಆ ಮಾತೇ ಮಗಳ ಕುತ್ತಿಗೆಗೆ ಬಂತು.

ಅವಳಿಗೆ ಪಶುವೈದ್ಯ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಫೀಸು ಕೇಳಿದರೆ ಎದೆ ಧಸಕ್ಕೆನ್ನುವಷ್ಟು. ಕಾಲೇಜಿನ ನೆರವು ಸಿಗದಿದ್ದರೆ ಸೀಟಿನ ಆಸೆ ಬಿಟ್ಟಂತೆಯೇ. ನೆರವಿನ ಅರ್ಜಿಯನ್ನು ಅವಳೇ ತುಂಬಿದಳು. ಮನೆಯ ಆದಾಯ, ಆಸ್ತಿಯ ಜಾಗ ಬಂದಾಗ ಮಾತ್ರ ಅಪ್ಪ ಪೆನ್ನು ಕಿತ್ತುಕೊಂಡ.

“ಅದೆಲ್ಲ ಮಕ್ಕಳು ಕೇಳೋದಲ್ಲ.”

ತಾನೇ ಬರೆದ, ತಾನೇ ಹೋಗಿ ಕೊಟ್ಟು ಬಂದ. ಆದಾಯ: ಸಾಕಷ್ಟು. ಆಸ್ತಿ: ಅಂಗಡಿ ತುಂಬ.

ಕಾಲೇಜಿನಿಂದ ಉತ್ತರ ಬಂತು. ಕುಟುಂಬ ಸ್ಥಿತಿವಂತವಾಗಿದೆ, ನೆರವಿಲ್ಲ. ತಕರಾರಿದ್ದರೆ ಸೋಮವಾರ ತಂದೆಯೊಡನೆ ಬಂದು ಹೇಳಬಹುದು.

ಸೋಮವಾರ ಅಪ್ಪ ಅಂಗಡಿಯಲ್ಲೇ ಅತಿ ಹೆಚ್ಚು ಬೆಲೆಯ ಕೋಟು ತೊಟ್ಟು ಹೊರಟಾಗ ಅವಳಿಗೆ ಅಳುವುದೋ ನಗುವುದೋ ತಿಳಿಯಲಿಲ್ಲ.

“ಅಪ್ಪಾ, ನಾವು ಹೋಗ್ತಿರೋದು ಸಹಾಯ ಕೇಳೋಕೆ!”

“ಕೇಳೋದನ್ನೂ ಗತ್ತಾಗೇ ಕೇಳೋಣ.”

ಕಚೇರಿಯ ಮೇಡಂ ಕೋಟನ್ನು ಮೇಲಿಂದ ಕೆಳಗೆ ನೋಡಿದರು. “ಇದನ್ನ ಹಾಕ್ಕೊಂಡು ಬಂದು ಫೀಸಿಗೆ ದುಡ್ಡಿಲ್ಲ ಅಂತೀರಾ? ನೀವೇ ಬರೆದಿದ್ದೀರಲ್ಲ, ಸಾಕಷ್ಟು ಅಂತ.”

ಅಪ್ಪ ಹಿಂದಿರುಗಿ ನೋಡಿದ. ಸಾಲಿನಲ್ಲಿ ನಿಂತಿದ್ದ ಅಪ್ಪ-ಅಮ್ಮಂದಿರಲ್ಲಿ ಅವನ ಹಳೆ ಗಿರಾಕಿಗಳೂ ಇದ್ದರು. ಇನ್ನು ಮುಗಿಯಿತು, ಈ ಮನುಷ್ಯ ಪ್ರಾಣ ಬಿಟ್ಟರೂ ಗತ್ತು ಬಿಡುವುದಿಲ್ಲ ಎಂದುಕೊಂಡಳು ಮಗಳು. ಅವಳ ಕಣ್ಣು ತುಂಬಿಬಂತು.

ಅಪ್ಪ ಆ ಕಣ್ಣನ್ನು ನೋಡಿದ. ಗುಂಡಿ ಬಿಚ್ಚಿ ಕೋಟು ಕಳಚಿದ.

ಅಂಗಿಯ ಕಾಲರು, ಎದೆ ಮಾತ್ರ ಬೆಳ್ಳಗಿದ್ದವು. ಬೆನ್ನೆಲ್ಲ ತೇಪೆ. ಒಂದು ಹಳೆ ಪರದೆಯದು, ಇನ್ನೊಂದು ಅವಳದೇ ಶಾಲೆಯ ಯೂನಿಫಾರಂನದು. ಸಾಲಿನಲ್ಲಿ ಯಾರೂ ನಗಲಿಲ್ಲ.

“ಸಾಕಷ್ಟು ಅಂದ್ರೆ ಊಟಕ್ಕೆ ಸಾಕಷ್ಟು ಮೇಡಂ, ಫೀಸಿಗಲ್ಲ,” ಎಂದ ಅಪ್ಪ. “ಇದು ಬಾಡಿಗೆ ಕೋಟು, ಒಳಗೆ ನಂಬರ್ ಇದೆ ನೋಡಿ. ಈಗೆಲ್ಲ ಯಾರೂ ಬಾಡಿಗೆಗೆ ಕೇಳಲ್ಲ. ಮಾರೋಣ ಅಂದ್ರೂ ಯಾರೂ ಕೊಳ್ಳಲ್ಲ.”

ಕೋಟಿನ ಒಳಜೇಬಿನಿಂದ ಪಾಸ್‌ಬುಕ್ ತೆಗೆದು ಮೇಜಿನ ಮೇಲಿಟ್ಟ. ಹಾಗಾದರೆ ಮನೆಯಿಂದ ಹೊರಡುವಾಗಲೇ ತಂದಿದ್ದ! ತಿಂಗಳ ಗಳಿಕೆ ಇಷ್ಟೇ ಎಂದು ಸಾಲಿನ ಕೊನೆಯವರಿಗೂ ಕೇಳುವಂತೆ ಹೇಳಿದ. ಮಗಳು ಆ ಅಂಕಿಯನ್ನು ಕೇಳಿದ್ದು ಅದೇ ಮೊದಲು. ಅಪ್ಪನ ಮೇಲೆ ಅಷ್ಟು ಪ್ರೀತಿ ಬಂದದ್ದೂ ಅದೇ ಮೊದಲೇನೋ.

ಮೇಡಂ ಪುಟಗಳನ್ನು ತಿರುವಿ ನೋಡಿ, ‘ಸಾಕಷ್ಟು’ ಎಂಬುದನ್ನು ಹೊಡೆದುಹಾಕಿ ಮೇಲೆ ಅಂಕಿ ಬರೆದು ಸೀಲು ಒತ್ತಿದರು.

“ಫೀಸು ಪೂರ್ತಿ ಮಾಫಿ, ಹಾಸ್ಟೆಲ್ಲೂ ಸೇರಿ. ಮುಂದಿನ ವರ್ಷ ಅಂಕಿಯಲ್ಲೇ ಬರೀರಿ, ಯಜಮಾನ್ರೇ!”

ಹೊರಗೆ ಬಂದವನೇ ಅಪ್ಪ ಕೋಟನ್ನು ಮಗಳ ಹೆಗಲಿಗೆ ಹೊದಿಸಿದ. ತೋಳುಗಳು ಅವಳ ಮೊಣಕಾಲಿನ ತನಕ ಜೋತಾಡಿದವು. “ಡಾಕ್ಟರಮ್ಮನಿಗೆ ಬಾಡಿಗೆ ಇಲ್ಲ,” ಎಂದ. ತೇಪೆಯ ಬೆನ್ನನ್ನು ಬೀದಿಗೆಲ್ಲ ತೋರಿಸುತ್ತ ಮುಂದೆ ಮುಂದೆ ನಡೆದ.

ಬೀದಿಯ ತಿರುವಿನಲ್ಲಿ ಬೇಕರಿಯವನು ಕಣ್ಣು ಬಿಟ್ಟು ನೋಡಿದ. “ಏನ್ ದೊರೆ, ಕೋಟಿಲ್ದೆ? ವ್ಯಾಪಾರ ಹೇಗಿದೆ?”

“ನೆಲ ಕಚ್ಚಿದೆಯಪ್ಪಾ!” ದೊರೆ ಬೀದಿಯೆಲ್ಲ ಕೇಳುವಂತೆ ಕೂಗಿದ. “ಪೂರ್ತಿ ನೆಲ ಕಚ್ಚಿದೆ! ಮಗಳಿಗೆ ಫೀಸೆಲ್ಲ ಮಾಫಿ!”