ಕಿಟಕಿಗೊಂದು ಬಟ್ಟಲು ಐಸು

ಸೊಸೆ ಮನೆ ಬಿಟ್ಟರೆ ಸಾಕಪ್ಪಾ ಎನ್ನುವ ಅತ್ತೆಯರನ್ನು ನೀವು ಬೇಕಾದಷ್ಟು ನೋಡಿರುತ್ತೀರಿ. ಈ ಅತ್ತೆಯದು ಉಲ್ಟಾ ಕೇಸು. ಸೊಸೆ ಎಲ್ಲಿ ಹೊರಟುಬಿಡುತ್ತಾಳೋ ಎಂಬ ಚಿಂತೆಯಲ್ಲಿ ಅವರಿಗೆ ವಾರದಿಂದ ಊಟ ಸೇರುತ್ತಿರಲಿಲ್ಲ. ಸಂಜೆ ಕೂತು ಬೀದಿಯ ಸುದ್ದಿಯನ್ನೆಲ್ಲ ಜಾಲಾಡಲು ಅಂಥ ಜೊತೆ ಹುಟ್ಟಿದಾಗಿನಿಂದ ಸಿಕ್ಕಿರಲಿಲ್ಲ.

ತಂಟೆಯೆಲ್ಲ ಮಹಡಿಯ ಕೋಣೆಯದು. ಪಶ್ಚಿಮಕ್ಕೆ ಮೂರು ದೊಡ್ಡ ಗಾಜಿನ ಕಿಟಕಿ. ಮಧ್ಯಾಹ್ನ ಒಳಗೆ ಹೋದವರು ಬೆಂದೇ ಹೊರಬರಬೇಕು. "ಪರದೆ ಹಾಕಿ ತಣ್ಣಗಾದ್ರೆ ಸರಿ. ಇಲ್ದಿದ್ರೆ ನಾವಿಬ್ರೂ ಬಾಡಿಗೆ ಮನೆ ನೋಡ್ಕೋತೀವಮ್ಮ" ಎಂದು ಮಗ ಕಡ್ಡಿ ಮುರಿದಂತೆ ಹೇಳಿದ್ದ. ಸೊಸೆ ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತ ಒಳಗೆ ಹೋದಳು.

ಅಂಗಡಿಯವನು ನೋಡಲೆಂದು ಮೂರು ನಮೂನೆ ಕೊಟ್ಟ: ಅಸ್ತರು ಹೊಲಿದ ದಪ್ಪ ಬಟ್ಟೆಯ ಪರದೆ, ಜೇನುಗೂಡಿನಂತೆ ಟೊಳ್ಳು ಮಡಿಕೆಗಳಿದ್ದ ಬ್ಲೈಂಡು, ಬಿದಿರುಕಡ್ಡಿಯ ಪರದೆ. ಯಾವುದಾದೀತು? ಐಸ್ ಫ್ಯಾಕ್ಟರಿಯಲ್ಲೇ ದುಡಿದು ತಲೆ ನರೆತಿದ್ದ ಮಾವ ಮೀಸೆ ತಿರುವಿದರು.

"ವಾದ ಯಾಕೆ? ಕಿಟಕಿಗೊಂದು ಪರದೆ, ಪರದೆ ಮುಂದೆ ಒಂದು ಬಟ್ಟಲು ಐಸು. ಊಟ ಆದ್ಮೇಲೆ ಇಟ್ಟು ಕಾಫಿ ಹೊತ್ತಿಗೆ ನೋಡೋಣ. ಐಸು ಉಳಿದಿದ್ರೆ ಆ ಪರದೆ ಗೆದ್ದಂಗೆ. ಅಲ್ಲೀವರೆಗೆ ಯಾರೂ ಮೇಲೆ ಕಾಲಿಡಬಾರ್ದು!"

"ಒಂದ್ರಲ್ಲೂ ಉಳೀದಿದ್ರೆ ನಾವು ಹೊರಟಂಗೇ" ಎಂದ ಮಗ, ಊಟ ಮುಗಿದು ಬಟ್ಟಲುಗಳನ್ನಿಟ್ಟು ಬಂದದ್ದೇ ಸೋಫಾದ ಮೇಲೆ ಉರುಳಿ ಗೊರಕೆ ಶುರುಮಾಡಿದ.

ಅತ್ತೆಗೆ ಕೂತಲ್ಲಿ ಕೂರಲಾಗಲಿಲ್ಲ. ಒಣಗಿದ ಬಟ್ಟೆ ತರುವ ನೆಪದಲ್ಲಿ ಮೆಲ್ಲಗೆ ಮೇಲೆ ಹೋಗಿ ಇಣುಕಿದರೆ, ಅಯ್ಯೋ, ಮೂರರಲ್ಲೂ ಬರೀ ನೀರು! ಪರದೆಗಳಿಗೆ ಹಿಡಿಶಾಪ ಹಾಕುತ್ತ ಕೆಳಗೆ ಬಂದು, ಫ್ರಿಜ್ಜಿನ ಐಸನ್ನು ಟವೆಲಿನಲ್ಲಿ ಸುತ್ತಿಕೊಂಡು ಹೋಗಿ, ದಪ್ಪ ಪರದೆಯ ಬಟ್ಟಲಿಗೆ ಸುರಿದು ಬಂದರು.

ಕಾಫಿಯ ಹೊತ್ತಿಗೆ ನಾಲ್ವರೂ ಮೇಲೆ ಹೋದರು. ನೋಡಿದರೆ ಮೂರು ಬಟ್ಟಲಲ್ಲೂ ಐಸು! ಇಟ್ಟದ್ದಕ್ಕಿಂತ ಜಾಸ್ತಿ!

"ಇದೇನಿದು, ಐಸು ಮರಿ ಹಾಕಿದ್ಯಾ? ಯಾರು ಬಂದಿದ್ರಿ ಇಲ್ಲಿಗೆ?" ಎಂದ ಮಗ.

"ದಪ್ಪ ಪರದೇದು ನಾನೇ ಕಣೋ. ಮಿಕ್ಕಿದ್ದೆರಡು ಗೊತ್ತಿಲ್ಲ, ನಿನ್ನಾಣೆ" ಎಂದರು ಅತ್ತೆ.

ಮಾವ ಕೆಮ್ಮಿದರು. "ಬಿದಿರಿಂದು... ನಂದು ಅಂತಿಟ್ಕೋ. ಒಂದ್ರಲ್ಲಿ ಕರಗಿದ್ರೂ ಇನ್ನೊಂದ್ರಲ್ಲಿ ಇರ್ಲಿ ಅಂತ."

"ಜೀವಮಾನವೆಲ್ಲ ಐಸು ಮಾಡಿದೋರು ಒಂದು ಬಟ್ಟಲಿಗೆ ಮೋಸ ಮಾಡೋದಾ?" ಎಂದು ಅತ್ತೆ ಗದರಿದರು.

"ನೀನೊಬ್ಳೇ ಮಾಡ್ಬೇಕಾ?"

ಉಳಿದದ್ದು ಬ್ಲೈಂಡಿನ ಬಟ್ಟಲು. ಮೂವರೂ ಸೊಸೆಯತ್ತ ತಿರುಗಿದರು. ಅವಳ ತೋಳು ಮೊಣಕೈವರೆಗೆ ಒದ್ದೆ.

"ನೀನಾ?" ಮಗ ಬಾಯಿ ಬಿಟ್ಟ. "ಸೆಖೆ ಸೆಖೆ ಅಂತ ಒದ್ದಾಡೋಳು ನೀನೇ ಅಲ್ವೇನೇ? ನಿನಗೋಸ್ಕರ ತಾನೇ ನಾನು ಮನೆ ಹುಡುಕ್ತಿರೋದು?"

"ಸೆಖೆ ಅಂದೆ ರೀ. ಮನೆ ಬಿಡೋಣ ಅಂದ್ನಾ?"

ಮಾವ ಗಾಜು ಮುಟ್ಟಿ ಚುರುಕ್ಕೆಂದು ಬೆರಳು ಕಿತ್ತುಕೊಂಡರು. "ಬಿಸಿಲು ಒಳಗೆ ಬಂದ್ಮೇಲೆ ತಡೆದ್ರೆ ಏನು ಬಂತು? ಬಿದಿರಿಂದನ್ನ ಹೊರಗಡೆ ಇಳಿಬಿಡೋಣ, ಒಳಗೆ ಬ್ಲೈಂಡಿರ್ಲಿ."

"ಆಗ್ಲೂ ಕಾದ್ರೆ?" ಮಗ ಇನ್ನೂ ಸೋಲೊಪ್ಪಲಿಲ್ಲ.

"ಕಾದ್ರೆ ಕಾಯ್ಲಿ. ನಾನು ಕೆಳಗೆ ಅತ್ತೆ ಪಕ್ಕ ಮಲ್ಕೋತೀನಿ. ನೀವು ಬೇಕಾದ್ರೆ ಬಾಡಿಗೆ ಮನೆಗೆ ಹೋಗಿ" ಎಂದಳು ಸೊಸೆ.

ಅತ್ತೆಗೆ ಅಳುವೂ ನಗುವೂ ಒಟ್ಟಿಗೇ ಒತ್ತರಿಸಿ ಬಂದವು. ಅವಳ ಒದ್ದೆ ಕೈ ಹಿಡಿದುಕೊಂಡು, "ಹಾಸಿಗೆ ಇವತ್ತೇ ಹಾಸ್ಬಿಡ್ಲೇನೇ?" ಎಂದರು.