ಅತ್ತೆಯ ಹೆಸರಿನ ಕೂಸು

ಸಿಂದಗಿಯ ಆ ಸಣ್ಣ ಕೋಣೆಯಲ್ಲಿ ಮುಕ್ತಾ ಮೇಡಮ್ ಕೂಸಿನ ಬೆನ್ನ ಹಿಂದೆ ನಿಂತು ಮೆತ್ತಗೆ ಕರೆದರು.

"ಕಸ್ತೂರೆವ್ವ."

ಕೂಸು ಹೊರಳಲಿಲ್ಲ. ಆಟಿಕೆ ಬಂಡಿಯ ಗಾಲಿ ತಿರುವುತ್ತ ಕೂತಿತ್ತು. ಮೇಡಮ್ ಗಂಟೆ ಬಾರಿಸಿದರು, ತಟ್ಟನೆ ಹೊರಳಿತು. ಮತ್ತೆ ಹೆಸರು ಹಿಡಿದು ಕರೆದರು. ಇಲ್ಲ.

"ಕಿವಿ ಛಲೋ ಅವ. ಹೆಸರಿಗೆ ಯಾಕ ಹೊಳ್ಳವಲ್ಲಳು? ಒಮ್ಮೆ ನೀವ ಕರೀರಿ."

ತಾಯಿ ವಿಜಯಶ್ರೀ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ನಾ ಕರಿಯಂಗಿಲ್ರಿ. ಅದು ನಮ್ಮತ್ತಿ ಹೆಸರ್ರಿ."

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂದು ಬಸ್ಸು ಹತ್ತಿ ಇಳಿಯುತ್ತ ಮಕ್ಕಳಿಗೆ ಮಾತು ಕಲಿಸುತ್ತಿದ್ದವರು ಮುಕ್ತಾ ಒಬ್ಬರೇ. ಸುತ್ತು ಮುಗಿಸಿ ಹೊಳ್ಳಿ ಬರುವಷ್ಟರಲ್ಲಿ ಕೂಸುಗಳ ಅಂಗಿ ಗಿಡ್ಡಾಗಿರುತ್ತಿದ್ದವು, ಮಾತು ಇದ್ದಲ್ಲೇ ಇರುತ್ತಿತ್ತು. ಇನ್ನೊಬ್ಬರನ್ನು ಕಳಿಸಿ ಎಂದು ಕೇಳಿದರೆ ಮೇಲಿನವರು ನೋಡೋಣ ಎನ್ನುತ್ತಿದ್ದರು. ಬಾಯಿ ಬರದ ಮಕ್ಕಳು ಮೋರ್ಚಾ ತೆಗೆಯುವುದಿಲ್ಲವಲ್ಲ.

"ಹಂಗಾರ ಮನ್ಯಾಗ ಏನಂತ ಕರೀತೀರಿ?"

"ನಾ 'ಏ ಕೂಸ' ಅಂತೇನ್ರಿ. ಇವರು 'ಅವ್ವಾರ' ಅಂತಾರ. 'ಬರ್ರಿ ಅವ್ವಾರ, ಊಟಾ ಮಾಡ್ರಿ.' ಓಣ್ಯಾಗಿನ ಹುಡುಗ್ರು 'ಏ ಮುದುಕಿ' ಅಂತಾವ್ರಿ."

"ನಾಕ ವರ್ಷದ ಹುಡಿಗಿಗೆ ರೀ ಹಚ್ಚತಾರ?"

"ಹೌದ್ರಿ. ನನಗ ಒಮ್ಮೆನೂ ಹಚ್ಚಿಲ್ಲ."

ಮೇಡಮ್ ನಕ್ಕರು. ವಿಜಯಶ್ರೀ ನಗಲಿಲ್ಲ.

ಯಂಕಂಚಿಯ ಅವರ ಮನೆಯಲ್ಲಿ ಅತ್ತೆ ಮುದುಕಿ ಲಕ್ವಾ ಹೊಡೆದು, ಮಾತು ಹೋಗಿ, ಸೊಟ್ಟ ಬಾಯಿಂದ ಬರೀ "ಆಂ... ಆಂ..." ಎನ್ನುತ್ತ ತೀರಿಕೊಂಡಿದ್ದಳು. ಆ ವರ್ಷವೇ ಈ ಕೂಸು ಹುಟ್ಟಿತು. ಮುದುಕಿಯ ಮಗ, ವಿಜಯಶ್ರೀಯ ಗಂಡ ಬಸಂತರಾಯ ಕೂಸನ್ನು ಎತ್ತಿಕೊಂಡು "ನಮ್ಮವ್ವ ಹೊಳ್ಳಿ ಬಂದ್ಲು" ಎಂದು ಅತ್ತ. ಅಂದಿನಿಂದ ಅದಕ್ಕೆ ಮಲಗಲು ಮುದುಕಿಯ ಹೊರಸು, ಹೊದೆಯಲು ಮುದುಕಿಯ ಕೌದಿ. ಮಾತು ಬರದಿದ್ದಾಗಲೂ ಯಾರೂ ಹೆದರಲಿಲ್ಲ. "ಮಾತಿಲ್ದ ಹ್ವಾದ್ಲು, ಮಾತಿಲ್ದ ಬಂದಾಳ" ಎಂದು ಕೈಮುಗಿದರು. ಸತ್ತವಳ ಸಂಸಾರ ಇನ್ನೂ ನಡೆದೇ ಇತ್ತು, ಹೆತ್ತವಳ ಮಡಿಲಲ್ಲಿ.

"ಹಸಿವಾದ್ರ ಹೆಂಗ ಕೇಳ್ತಾಳ?"

"ಕೇಳೂದ ಬ್ಯಾಡ್ರಿ. ಮುದುಕಿ ಯಾ ಹೊತ್ತಿಗೆ ಏನ್ ತಿಂತಿತ್ತೋ ಆ ಹೊತ್ತಿಗೆ ಅದನ್ನ ಕೊಡ್ತೇವಿ. ಚಾದಾಗ ಅದ್ದಿದ ರೊಟ್ಟಿ."

"ಆಕಿಗೆ ಸೇರತದೇನು?"

ಆ ಪ್ರಶ್ನೆ ವಿಜಯಶ್ರೀಗೇ ಎಂದೂ ಹೊಳೆದಿರಲಿಲ್ಲ.

"ನಿಮ್ಮಿಂದ ಹಿಂಗಾಗಿಲ್ಲ, ಮನಸಿಗೆ ಹಚ್ಚಿಕೋಬ್ಯಾಡ್ರಿ" ಎಂದರು ಮೇಡಮ್. "ಕೆಲವು ಮಕ್ಕಳಿಗೆ ಮಾತು ತಡಾ. ನಾ ಕಲಸ್ತೇನಿ. ಆದ್ರ ಕರದ್ರ ನಿಮ್ಮ ಮಾರಿ ನೋಡಬೇಕು, ಮೊದಲ ಅದು. ಬ್ಯಾರೆ ಹೆಸರಿಂದ ಕರೀರಿ ಬೇಕಾದ್ರ, ಪುಟ್ಟಿ ಅನ್ರಿ."

"ಅಂದಿದ್ದೆ. 'ನಮ್ಮವ್ವಗ ಪುಟ್ಟಿ ಅಂತಿ?' ಅಂತ ಊಟದ ತಾಟ ಒಗದ್ರು."

"ಹಂಗಾರ ಇದ್ದ ಹೆಸರ ಹಿಡದು ಕರೀರಿ. ಅದು ಆಕೀದೂ ಹೌದಲ್ಲ?"

ಊರಿಗೆ ಹೊಳ್ಳುವ ಬಸ್ಸಿನಲ್ಲಿ ಕೂಸು ತೊಡೆಯ ಮೇಲೆ ನಿದ್ದೆ ಹೋಯಿತು. ಮದುವೆಯಾದಾಗಿನಿಂದ ವಿಜಯಶ್ರೀ ಅಂಗಡಿಯಲ್ಲಿ ಕಸ್ತೂರಿ ಅರಿಷಿಣ ಕೇಳಿದವಳಲ್ಲ. "ವಾಸನಿ ಅರಿಷಿಣ ಕೊಡ್ರಿ" ಎನ್ನುತ್ತಿದ್ದಳು. ಈಗ ತುಟಿ ಆಡಿಸಿ ನೋಡಿದಳು. ಮೊದಲ ಅಕ್ಷರ ಗಂಟಲಿಗೆ ಬಂದದ್ದೇ ತಡ, ಬಸ್ಸಿನ ಗದ್ದಲದ ಒಳಗಿಂದ "ಆಂ... ಆಂ..." ಕೇಳಿಸಿತು. ಕಿಟಕಿಗೆ ತಲೆಯಿಟ್ಟಳು. ಕೂಸಿನ ಮುಖ ನೋಡಲಿಕ್ಕೂ ಅಂಜಿಕೆಯಾಯಿತು: ಕಣ್ಣು ತೆರೆದರೆ ಯಾರು ನೋಡುತ್ತಾರೋ!

ಮರುದಿನ ಮಧ್ಯಾಹ್ನ ಬಸಂತರಾಯ ಪಡಸಾಲೆಯಲ್ಲಿ ತಮ್ಮ ಅನೀಲಕುಮಾರನ ಜೊತೆ ತೊಗರಿ ಚೀಲ ಹೊಲಿಯುತ್ತಿದ್ದ. ಕೂಸು ಹೊರಸಿನ ಮೇಲೆ ಕೂತಿತ್ತು. ಚಹಾದ ಬಟ್ಟಲು ಹಿಡಿದು ಬಂದ ವಿಜಯಶ್ರೀ ಅದನ್ನು ಕೊಡಲಿಲ್ಲ. ಬಾಗಿಲಲ್ಲೇ ನಿಂತಳು.

"ಕಸ್ತೂರೆವ್ವಾ!"

ಚೀಲದ ಸೂಜಿ ನಿಂತಿತು. ಬಸಂತರಾಯ ಎದ್ದು ನಿಂತ. ಅಣ್ಣ ತಮ್ಮ ಇಬ್ಬರ ಕಣ್ಣೂ ಗೋಡೆಯ ಮೇಲಿದ್ದ ಮುದುಕಿಯ ಫೋಟೋದ ಕಡೆ ಹೊರಳಿದವು.

ಕೂಸೂ ಹೊರಳಿತು. ಅಪ್ಪ ನೋಡಿದತ್ತಲೇ, ಫೋಟೋದತ್ತ.

ವಿಜಯಶ್ರೀಗೆ ಆಗ ಹೊಳೆಯಿತು. ಕೂಸಿಗೆ ಹೆಸರು ಗೊತ್ತಿತ್ತು. ಅದು ತನ್ನದಲ್ಲ ಎಂಬುದೂ ಗೊತ್ತಿತ್ತು.

"ನಮ್ಮವ್ವನ ಹೆಸರ ಹಿಡದು ಒದರ್ತೀ ಏನ? ನಾಲಗಿ ಉದ್ದ ಆತೇನ ನಿಂದು?" ಎಂದ ಬಸಂತರಾಯ.

"ನಿಮ್ಮವ್ವನ್ನ ಕರೀಲಿಲ್ಲ. ನನ್ನ ಮಗಳ್ನ ಕರದೆ."

"ವೈನಿ, ಸುಮ್ನಿರ್ರಿ" ಎಂದ ಅನೀಲಕುಮಾರ, ಫೋಟೋದಿಂದ ಕಣ್ಣು ಕೀಳದೆ.

"ಸುಮ್ನಿದ್ದದ್ದ ಸಾಕಾತು. ನಾಕ ವರ್ಷ ನಾವಿಬ್ರೂ ಸುಮ್ನಽ ಅದೇವಿ, ನಾನೂ ನನ್ನ ಮಗಳೂ."

ಅವಳು ಬಟ್ಟಲು ಕೆಳಗಿಟ್ಟು, ಕೂಸಿಗೂ ಫೋಟೋಕ್ಕೂ ನಡುವೆ ನೆಲಕ್ಕೆ ಮೊಣಕಾಲೂರಿದಳು. ಆ ಹಳೆಯ ಕಣ್ಣುಗಳು ಬೆನ್ನಿಗೆ ನಾಟಿದಂತಾಯಿತು. ಕುತ್ತಿಗೆಯ ಹತ್ತಿರ ತಣ್ಣನೆಯ ಉಸಿರು ಆಡಿತು, "ಆಂ... ಆಂ..." ಎಂದಿತು.

"ಕಸ್ತೂರೆವ್ವ" ಎಂದಳು, ಮೆಲ್ಲಗೆ.

ಕೂಸು ಅವಳ ಹೆಗಲ ಆಚೆ ಇಣುಕಿ ಫೋಟೋ ಹುಡುಕಿತು. ವಿಜಯಶ್ರೀಯೂ ಅತ್ತಲೇ ವಾಲಿ ಅಡ್ಡವಾದಳು. "ಕಸ್ತೂರೆವ್ವ." ಕೂಸು ಇತ್ತ ಇಣುಕಿತು. ಅವಳೂ ಇತ್ತ ವಾಲಿದಳು. "ಕಸ್ತೂರೆವ್ವ." ಮತ್ತೆ ಅತ್ತ, ಮತ್ತೆ ಇತ್ತ. ಕೂಸಿನ ಹುಬ್ಬು ಗಂಟಿಕ್ಕಿತು, ಸಡಿಲವಾಯಿತು. ಗಂಟಲಿಂದ ಗುಳ್ಳೆ ಒಡೆದಂಥ ಒಂದು ನಗು ಬಂತು. ಅದು ಮುದುಕಿಯ ದನಿಯಾಗಿರಲಿಲ್ಲ.

ಬೆನ್ನ ಹಿಂದೆ ಗಂಡ ಏನೋ ಅನ್ನುತ್ತಿದ್ದ. ಇನ್ಯಾರೋ ಉಸಿರಾಡುತ್ತಿದ್ದರು. ಅವಳು ಹೊಳ್ಳಿ ನೋಡಲಿಲ್ಲ.

"ಕಸ್ತೂರೆವ್ವ" ಎಂದಳು.

ಈ ಸಲ ಕೂಸು ಇಣುಕಲಿಲ್ಲ. ಅವಳ ಬಾಯನ್ನೇ ನೋಡುತ್ತ ಕೂತಿತು.