ಒತ್ತು ಬಿಟ್ಟ ಸಹಿ

ಮನೆಯಲ್ಲಿ ನನ್ನನ್ನು ಬಡ್ಡಿ ಮಾಸ್ತರ ಎನ್ನುತ್ತಾರೆ. ಸೇಡಂ ಬಸ್ ನಿಲ್ದಾಣದ ಹತ್ತಿರ ನನ್ನದು ಮೋಟಾರ್ ರಿಪೇರಿ ಅಂಗಡಿ. ಸುಟ್ಟ ಮೋಟಾರಿಗೆ ತಂತಿ ಸುತ್ತುತ್ತಾ ಯಾವ ಬ್ಯಾಂಕು ಎಷ್ಟು ಬಡ್ಡಿ ಕೊಡುತ್ತದೆ, ವಯಸ್ಸಾದವರಿಗೆ ಎಷ್ಟು ಹೆಚ್ಚು ಕೊಡುತ್ತದೆ ಎಂದು ತಲೆಯಲ್ಲೇ ಗುಣಿಸುವುದು ನನ್ನ ಚಟ. ಮದುವೆಗೆ ಕರೆಯಲು ಬಂದವರನ್ನೂ ಮುಯ್ಯಿ ಹಣ ಎಲ್ಲಿಡುತ್ತೀರಿ ಎಂದು ಕೇಳುವ ಮನುಷ್ಯ ಎಂದು ಹೆಂಡತಿ ಭುವನೇಶ್ವರಿ ಹಂಗಿಸುತ್ತಾಳೆ. ಇಂಥ ನನ್ನ ಸ್ವಂತ ಅವ್ವನ ಹಣವೇ ಐದು ಊರಿನ ಐದು ಉಳಿತಾಯ ಖಾತೆಗಳಲ್ಲಿ, ಇದ್ದೂ ಇಲ್ಲದಂಥ ಬಡ್ಡಿಗೆ ಮಲಗಿತ್ತು. ನೆನೆದಾಗೆಲ್ಲ ತಂತಿಯ ಸುತ್ತಿನ ಲೆಕ್ಕ ತಪ್ಪುತ್ತಿತ್ತು.

ಐದು ಖಾತೆ ಮಾಡಿಟ್ಟವನು ಅಪ್ಪ. ಅಪ್ಪ ಗೊಲ್ಲಾಳಪ್ಪ ರಸ್ತೆ ಗ್ಯಾಂಗಿನಲ್ಲಿದ್ದ. ಚಿಂಚೋಳಿ, ಚಿತ್ತಾಪುರ, ವಾಡಿ, ಶಹಾಬಾದ, ಕೊನೆಗೆ ಸೇಡಂ. ಡಾಂಬರು ಹೋದಲ್ಲೆಲ್ಲ ನಮ್ಮ ಗಂಟುಮೂಟೆಯೂ ಹೋಯಿತು. ಎಲ್ಲೂ ಸ್ವಂತ ಮನೆ ಇರಲಿಲ್ಲ. ಹೋದ ಊರಲ್ಲಿ ಅವ್ವನ ಹೆಸರಿಗೊಂದು ಖಾತೆ ತೆಗೆಸುತ್ತಿದ್ದ, ಊರು ಬಿಡುವಾಗ ಮುಚ್ಚುತ್ತಿರಲಿಲ್ಲ.

"ಇರ್ಲಿ ಬಿಡು. ಆ ಊರಾಗ ನಮ್ದಂತ ಏನರ ಇರಬೇಕು," ಎನ್ನುತ್ತಿದ್ದ.

ಅಪ್ಪ ಹೋದ ಮೇಲೂ ಅವ್ವ ವರ್ಷಕ್ಕೊಮ್ಮೆ ಒಂದೊಂದು ಊರಿಗೆ ಬಸ್ ಹತ್ತಿ, ಪಾಸ್‌ಬುಕ್ ತುಂಬಿಸಿಕೊಂಡು, ಹಳೆಯ ನೆರೆಯವರ ಮನೆಯಲ್ಲಿ ಚಹಾ ಕುಡಿದು ಬರುತ್ತಿದ್ದಳು. ಬಂದ ದಿನ ಅವಳ ಮುಖ ನೋಡಬೇಕು, ತವರಿಗೆ ಹೋಗಿ ಬಂದಂತೆ ಇರುತ್ತಿತ್ತು.

ಈ ವರ್ಷ ಅವಳೇ ಬಾಯಿಬಿಟ್ಟಳು. "ಅರುಣಾ, ತಿಂಗಳಾ ತಿಂಗಳಾ ನನ್ನ ರೊಕ್ಕ ನನ್ನ ಕೈಗೆ ಬರೋ ಹಂಗ ಮಾಡು. ಗುಳಿಗಿಗೂ ನಿನ್ನ ಮಾರಿ ನೋಡೋದು ಬ್ಯಾಡ."

ಆ ಮಾತು ನನಗೆ ನಾಟಿತು. ಆದರೆ ಬಡ್ಡಿ ಮಾಸ್ತರನಿಗೆ ಒಳಗೊಳಗೇ ಖುಷಿಯೂ ಆಯಿತು. ಎಲ್ಲ ಖಾತೆ ಮುಚ್ಚಿ, ಸೇಡಂನಲ್ಲಿ ಹೆಚ್ಚು ಬಡ್ಡಿ ಕೊಡುವ ಬ್ಯಾಂಕಿನಲ್ಲಿ ಒಂದೇ ಠೇವಣಿ ಇಟ್ಟರೆ ತಿಂಗಳ ಬಡ್ಡಿ ಅವಳ ಗುಳಿಗೆಗೂ ಎಲೆ ಅಡಿಕೆಗೂ ಸಾಕಾಗುತ್ತಿತ್ತು. ಅವ್ವ ಒಪ್ಪಿದಳು. ಸೇಡಂನ ಹಳೆಯ ಖಾತೆ ಮುಗಿಯಿತು, ಶಹಾಬಾದ ಮುಗಿಯಿತು, ವಾಡಿ ಮುಗಿಯಿತು. ಚಿಂಚೋಳಿಯಲ್ಲಿ ಅವಳದು ಹೆಬ್ಬೆಟ್ಟಿನ ಖಾತೆ, ಹೆಬ್ಬೆಟ್ಟು ಒತ್ತಿ ಮುಚ್ಚಿ ಬಂದಳು. ಚಿತ್ತಾಪುರ ಎಂದಾಗ ಮಾತ್ರ ಮೊಣಕಾಲು ನೋವು ಬರುತ್ತಿತ್ತು. ದೊಡ್ಡ ಮೊತ್ತ ಇದ್ದದ್ದೇ ಅಲ್ಲಿ. ಅದಿಲ್ಲದೆ ನನ್ನ ಲೆಕ್ಕ ಕೂಡುತ್ತಿರಲಿಲ್ಲ.

"ಅದೊಂದು ಇರ್ಲಿ ಅರುಣಾ."

"ಹಂಗಂದ್ರ ಗುಳಿಗಿಗೆ ಮತ್ತ ನನ್ನ ಮಾರೀನೇ ನೋಡಬೇಕಾಗ್ತದ," ಎಂದೆ. ಸಿಟ್ಟಿನಲ್ಲೇ ಅಂದೆ. ಮರುದಿನ ಅವಳೇ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು.

ಚಿತ್ತಾಪುರದ ಬ್ಯಾಂಕಿನಲ್ಲಿ ತಬಸ್ಸುಮ್ ಎಂಬ ಹುಡುಗಿ ಅಧಿಕಾರಿ. ಅವ್ವ 'ಪೀರಮ್ಮ' ಎಂದು ಸಹಿ ಮಾಡಿದಳು. ಹುಡುಗಿ ಕಾಗದ ನೋಡಿದಳು, ಕಂಪ್ಯೂಟರ್ ನೋಡಿದಳು, ಮತ್ತೆ ಕಾಗದ ನೋಡಿದಳು.

"ಅಮ್ಮಾ, ಸಹಿ ಹೊಂದವಲ್ತುರಿ. ಹಳೀದ್ರಾಗ 'ಪೀರಮ' ಅಂತ ಅದ. ನೀವು ಒತ್ತು ಕೊಟ್ಟೀರಿ."

"ಆಧಾರ್ ಅದ, ಸಹಿ ಬದಲಿ ಮಾಡೋ ಅರ್ಜಿ ಕೊಡ್ರಿ," ಎಂದು ನಾನು ಕೈ ಚಾಚಿದೆ.

"ಬದಲಿ ಮಾಡಬ್ಯಾಡ," ಎಂದಳು ಅವ್ವ. "ನಾ ಹಂಗೇ ಬರೀತೀನಿ."

ಬರೆದಳು. ಮ ಕೆಳಗೆ ಒತ್ತು ತಾನಾಗಿ ಬಂತು. ಇನ್ನೊಂದು ಕಾಗದ, ಮತ್ತೆ ಒತ್ತು. ನನಗೆ ತಲೆ ಕೆಟ್ಟಿತು. ಇಷ್ಟು ವರ್ಷ ಸರಿಯಾಗಿ ಬರೆದವಳಿಗೆ ತಪ್ಪು ಬರೆಯಲು ಬರುತ್ತಿಲ್ಲವಲ್ಲ ಎಂದು ನಗುವೂ ಬಂತು. ಅವ್ವ ನಗಲಿಲ್ಲ.

"ಯವ್ವಾ, ಚಿಂಚೋಳಿ ಬ್ಯಾಂಕಿನಾಗ ನನ್ನ ಹೆಬ್ಬಟ್ಟಿಗೆ ಮಸಿ ಹಚ್ಚಿದ್ರು," ಎಂದು ತಬಸ್ಸುಮ್‌ಗೆ ಹೇಳತೊಡಗಿದಳು. "ಸೆರಗಿಗೆ ಒರಸ್ಕೊಂಡೆ. ಅದು ಇವರಪ್ಪಗ ಸೇರ್ಲಿಲ್ಲ. ಇಲ್ಲಿಗಿ ಬಂದಮ್ಯಾಲ, ಮಳಿ ಬಂದು ರೋಡಿನ ಕೆಲಸ ನಿಂತಾಗ, ಮನ್ಯಾಗ ಫರಸಿ ಮ್ಯಾಲ ಬಳಪ ಹಿಡಿಸಿ ಬರೆಸಿದ್ರು. ಅವರು ಸಾಲಿ ಕಲಿತಿದ್ದು ಎರಡನೇತ್ತ ತನಕ. ಅವರಿಗೇ ಒತ್ತು ಬರ್ತಿದ್ದಿಲ್ಲ, ನನಗೆಲ್ಲಿಂದ ಕಲಿಸ್ಯಾರು. ಒತ್ತು ಕಲಿತಿದ್ದು ಆಮ್ಯಾಲ, ವಾಡಿಯಾಗ, ಸಾಕ್ಷರತಾ ಸಾಲ್ಯಾಗ."

ನನಗೆ ಇದು ಗೊತ್ತಿರಲಿಲ್ಲ. ಅವ್ವನ ಮೊಣಕಾಲು ನೋವಿನ ಕಾರಣ ಆಗ ತಿಳಿಯಿತು.

ಹೇಳುತ್ತಲೇ ಅವ್ವ ಮೆಲ್ಲಗೆ ನೆಲಕ್ಕೆ ಕುಳಿತಳು. ಬ್ಯಾಂಕಿನ ನೆಲವೂ ಶಹಾಬಾದ ಕಲ್ಲಿನ ಫರಸಿಯೇ. ಬರೀ ಬೆರಳಿನಿಂದ ಫರಸಿಯ ಮೇಲೆ ತಿದ್ದಿದಳು, ಒಮ್ಮೆ, ಇನ್ನೊಮ್ಮೆ. ಸಾಲಿನಲ್ಲಿ ನಿಂತವರು ಇಣುಕಿದರು. ತಬಸ್ಸುಮ್ ಎದ್ದು ಬಂದು, ಕಾಗದವನ್ನು ಅಲ್ಲೇ ನೆಲದ ಮೇಲೆ ಇಟ್ಟು ಪೆನ್ನು ಕೊಟ್ಟಳು. ಅವ್ವ ಬರೆದಳು: ಪೀರಮ.

"ಹೊಂದತದ್ರಿ ಅಮ್ಮಾ," ಎಂದಳು ಹುಡುಗಿ.

ಬಸ್ಸಿನಲ್ಲಿ ಅವ್ವ ಪಾಸ್‌ಬುಕ್ಕನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು. ಖಾತೆ ಮುಚ್ಚಲಾಗಿದೆ ಎಂಬ ಠಸ್ಸೆಯ ಮೇಲೆ ಕೈ ಇತ್ತು. ಕಾಗಿಣಾ ಹೊಳೆಯ ಸೇತುವೆ ದಾಟುವಾಗ ಕೇಳಿದಳು, "ಇನ್ನ ಚಿತ್ತಾಪುರಕ್ಕ ಏನಂತ ಹೋಗ್ಲಿ?"

ಅಪ್ಪ ಆ ಊರಲ್ಲಿ ಉಳಿಸಿದ್ದನ್ನು ನಾನೇ ಕಿತ್ತು ತಂದಂತೆ ಅನಿಸಿತು.

ಎರಡು ದಿನ ಬಿಟ್ಟು ಸೇಡಂನ ಬ್ಯಾಂಕಿಗೆ ಠೇವಣಿ ಇಡಲು ಹೋದೆವು. ಹೊಸ ಬ್ಯಾಂಕು, ಹೊಸ ಖಾತೆ. ಮಾದರಿ ಸಹಿ ಮಾಡಿ ಎಂದು ಅಲ್ಲಿಯ ಅಧಿಕಾರಿ ಚೌಕ ತೋರಿಸಿದ. ಅವ್ವ ನಿಧಾನವಾಗಿ ಬರೆದಳು. ನಾನು ಬಗ್ಗಿ ನೋಡಿದೆ.

"ಅವ್ವಾ, ಒತ್ತು ಬಿಟ್ಟೀ."

"ಗೊತ್ತದ," ಎಂದಳು. "ಒತ್ತು ಇದ್ದ ಹೆಸರು ಆಧಾರಿನಾಗ ಅದ, ಸಾಕು. ಇಲ್ಲಿ ನಿಮ್ಮಪ್ಪ ಕಲಿಸಿದ್ದು ಇರ್ಲಿ."

ಅಧಿಕಾರಿ ನನ್ನ ಮುಖ ನೋಡಿದ. ಸಹಿ ಅವರಿಷ್ಟ, ಮುಂದೆ ಮಾತ್ರ ಯಾವಾಗಲೂ ಹೀಗೇ ಮಾಡಬೇಕು ಎಂದ. ನಾನು ತಲೆಯಾಡಿಸಿದೆ.

ಈಗ ತಿಂಗಳಿಗೊಮ್ಮೆ ಬಡ್ಡಿ ತೆಗೆಯಲು ಹೋಗುವ ಮುನ್ನಾದಿನ ಅವ್ವ ಹಿತ್ತಲ ಫರಸಿಯ ಮೇಲೆ ಬಳಪ ಹಿಡಿದು ಕೂರುತ್ತಾಳೆ. ಒತ್ತು ಬಂದರೆ ಸೆರಗಿನಿಂದ ಒರೆಸಿ ಮತ್ತೆ ಬರೆಯುತ್ತಾಳೆ.